ಪಿಟೀಲಿನ ನಾಲ್ಕು ತಂತಿಯಿಂದ ಪಿಯಾನೊದ ಮನೆಗಳಿಗೆ: ದಾಟಿ ಬಂದದ್ದು ಸ್ವರವೋ, ಕಷ್ಟವೋ?

ಮಂದ್ರಶ್ರುತಿ

ಗೆಳೆಯರೇ, ಬಲಗೈ ಮಣಿಕಟ್ಟಿನ ನೋವಿನಿಂದಾಗಿ ಕಳೆದ ಎಂಟು ತಿಂಗಳು ನಾನು ಪಿಯಾನೊವನ್ನು ಎಡಗೈಯೊಂದರಿಂದಲೇ ನುಡಿಸುತ್ತಿದ್ದೆ. ಕಲಿಕೆ ನಿಲ್ಲಬಾರದೆಂದು ನನ್ನ ಗುರುಗಳು ಕೊಟ್ಟದ್ದು ಒಂದೇ ಕೃತಿ: ಜರ್ಮನ್ ಸಂಗೀತಕಾರ ಬಾಖ್ ಪಿಟೀಲಿಗೆ ಬರೆದ ಶಾಕಾನನ್ನು, ನಂತರದ ಕಾಲದ ಸಂಗೀತಕಾರ ಬ್ರಾಮ್ಸ್ ಪಿಯಾನೊವಾದಕರ ಎಡಗೈಗೆಂದು ಅಳವಡಿಸಿದ ರೂಪ. ಈಗ ಬಲಗೈ ಸರಿಹೋಗಿದೆ. ಇನ್ನು ಅದೇ ಶಾಕಾನನ್ನು ಪಿಯಾನೊವಾದಕ ಬುಸೋನಿ ಎರಡೂ ಕೈಗಳಿಗೆ ಬರೆದ ರೂಪದಲ್ಲಿ ಕಲಿಯಬಹುದು ಎಂದು ಗುರುಗಳು ಹೇಳಿದ್ದಾರೆ. ಪುಟ ತೆರೆದು ಕುಳಿತೆ, ನಾಲ್ಕು ದಿನ ನುಡಿಸಿಯೂ ನೋಡಿದೆ, ಆದರೆ ಮನಸ್ಸು ಒಪ್ಪುತ್ತಿಲ್ಲ, ಸ್ವರಗಳು ಹೆಚ್ಚಾಗಿ ಮೂಲದಿಂದ ದೂರ ಹೋದವೆಂದು ತೋರುತ್ತದೆ. ಏಕೆ ಒಪ್ಪುತ್ತಿಲ್ಲ ಎಂಬುದನ್ನು ಅರ್ಥ ಮಾಡಿಕೊಳ್ಳಲು ಈ ಚರ್ಚೆಯನ್ನು ಆರಂಭಿಸುತ್ತಿದ್ದೇನೆ.

ಈ ಕೃತಿಯ ಪರಿಚಯ ಇಲ್ಲದವರಿಗಾಗಿ ಸ್ವಲ್ಪ ಹಿನ್ನೆಲೆ. 1720ರ ಹಸ್ತಪ್ರತಿಯಲ್ಲಿ ಬಾಖ್ ಒಂಟಿ ಪಿಟೀಲಿಗೆಂದು ಮೂರು ಸೊನಾಟಾ, ಮೂರು ಪಾರ್ಟಿಟಾ (ಎರಡೂ ಹಲವು ಭಾಗಗಳ ಕೃತಿಗಳು) ಬರೆದಿಟ್ಟಿದ್ದಾನೆ. ಬಾಸ್, ಅಂದರೆ ಮಂದ್ರಸ್ವರದ ಪಕ್ಕವಾದ್ಯ ಇಲ್ಲದ ಪಿಟೀಲಿಗೆ ಎಂದು ಶೀರ್ಷಿಕೆಯಲ್ಲಿಯೇ ಸ್ಪಷ್ಟವಾಗಿ ಹೇಳಿದ್ದಾನೆ. ಎರಡನೆಯ ಪಾರ್ಟಿಟಾದ, ಅಂದರೆ ಡಿ ಮೈನರ್ (ಡಿ ಸ್ವರದ ಮೇಲೆ ನಿಂತ, ಮಂಕು ಛಾಯೆಯ ಸ್ವರಶ್ರೇಣಿ) ಪಾರ್ಟಿಟಾದ ಕೊನೆಯ ಭಾಗವೇ ಶಾಕಾನ್. ನಾಲ್ಕು ಬಾರುಗಳ (ತಾಳದ ಆವರ್ತಗಳ) ಒಂದು ತಳಹದಿ ಮತ್ತೆ ಮತ್ತೆ ಬರುತ್ತದೆ, ಅದರ ಮೇಲೆ ಪ್ರತಿಸಲವೂ ಹೊಸದೊಂದು ಕಟ್ಟಡ ಏಳುತ್ತದೆ. ಹೀಗೆ ಸುಮಾರು 256 ಬಾರುಗಳು ಮೈನರ್‌ನಲ್ಲಿ ಆರಂಭವಾಗಿ, ನಡುವೆ ಮೇಜರ್‌ಗೆ ಬೆಳಗಿ, ಮತ್ತೆ ಮೈನರ್‌ಗೆ ಮರಳುತ್ತವೆ.

1877ರಲ್ಲಿ ಬ್ರಾಮ್ಸ್ ತನ್ನ ಎಡಗೈ ರೂಪವನ್ನು ಪಿಯಾನೊವಾದಕಿ ಕ್ಲಾರಾ ಶೂಮನ್‌ಗೆ ಕಳಿಸುತ್ತ ಬರೆದ ಪತ್ರ ಪ್ರಸಿದ್ಧವಾದದ್ದು. ಐದು ಗೆರೆಗಳ ಒಂದೇ ಸಾಲಿನಲ್ಲಿ, ಅಷ್ಟು ಚಿಕ್ಕ ವಾದ್ಯಕ್ಕೆ, ಬಾಖ್ ಇಡೀ ಒಂದು ಲೋಕವನ್ನೇ ಬರೆದಿದ್ದಾನೆಂದು ಆತ ಬೆರಗುಪಡುತ್ತಾನೆ. ಎಡಗೈಯೊಂದರಿಂದ ನುಡಿಸಿದಾಗ ಅದೇ ಬಗೆಯ ಕಷ್ಟ, ಅದೇ ಬಗೆಯ ತಂತ್ರ, ಸ್ವರಗುಚ್ಛಗಳನ್ನು (ಒಟ್ಟಾಗಿ ನುಡಿಯುವ ಸ್ವರಗಳ ಗುಂಪುಗಳನ್ನು) ಬಿಡಿಸಿ ನುಡಿಸುವ ಅದೇ ರೀತಿ, ಇವೆಲ್ಲ ಸೇರಿ ತಾನೇ ಪಿಟೀಲುವಾದಕ ಎಂಬ ಭಾವನೆ ಬರುತ್ತದೆ ಎನ್ನುತ್ತಾನೆ. ಪತ್ರ ಕೈಸೇರಿದಾಗ ಕ್ಲಾರಾ ಮೇಜಿನ ಸೆಳೆಖಾನೆ ಎಳೆಯಲು ಹೋಗಿ ಬಲಗೈಯ ಸ್ನಾಯುವನ್ನು ಉಳುಕಿಸಿಕೊಂಡಿದ್ದಳು. ಈ ಸಂಗತಿ ನನಗೆ ಎಷ್ಟು ಹತ್ತಿರವಾಯಿತೆಂದು ಬೇರೆ ಹೇಳಬೇಕಾಗಿಲ್ಲ.

ನನ್ನ ಪ್ರಶ್ನೆ ಇದು. ಒಂಟಿ ಪಿಟೀಲಿಗೆ ಬರೆದ ಸಂಗೀತವನ್ನು ಪಿಯಾನೊದ ಸಾಧಕರಿಗೆ ಅಭ್ಯಾಸಕೃತಿಯಾಗಿ, ಅಂದರೆ ಎಟ್ಯೂಡ್ ಆಗಿ ಮಾಡಿದಾಗ ನಿಜವಾಗಿ ಏನು ದಾಟಿ ಬರುತ್ತದೆ? ಸ್ವರಗಳಷ್ಟೇ ಬರುತ್ತವೆಯೇ, ಅಥವಾ ಪಿಟೀಲುವಾದಕನ ಮೈ ಅನುಭವಿಸಿದ ಶ್ರಮವೂ ಬರಬೇಕೇ? ಶ್ರಮವೂ ಬರಬೇಕು ಎನ್ನುವ ಕಡೆಗೆ ನನ್ನ ಮನಸ್ಸು ವಾಲುತ್ತಿದೆ. ತಪ್ಪಿದ್ದರೆ ತಿದ್ದಬೇಕೆಂದು ಕೋರುತ್ತೇನೆ.

ಹಳೇಪಿಯಾನೊ

ಮಂದ್ರಶ್ರುತಿಯವರೇ, ಬಹಳ ಒಳ್ಳೆಯ ಪ್ರಶ್ನೆ. ಇದಕ್ಕೆ ಉತ್ತರ ಹುಡುಕಬೇಕಾದರೆ ಬಾಖ್‌ಗಿಂತ ಮೊದಲು ಪಿಟೀಲುವಾದಕ ಪಗನೀನಿಯ ಬಳಿಗೆ ಹೋಗಬೇಕು ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಪಿಟೀಲಿನ ಸಾಹಸವನ್ನೇ ಪಿಯಾನೊದ ಅಭ್ಯಾಸವಾಗಿಸುವ ಯೋಚನೆ ಹುಟ್ಟಿದ್ದು ಆತನಿಂದ.

ಪಗನೀನಿಯ 24 ಕ್ಯಾಪ್ರಿಸ್‌ಗಳು, ಅಂದರೆ ಒಂಟಿ ಪಿಟೀಲಿನ ಚಿಕ್ಕ ಕೃತಿಗಳು, 1820ರಲ್ಲಿ ಮಿಲಾನಿನ ರಿಕಾರ್ಡಿ ಸಂಸ್ಥೆಯಿಂದ ಅಚ್ಚಾದವು. ಆತ ಅವುಗಳನ್ನು ಯಾವ ದೊರೆಗೂ ಅರ್ಪಿಸಲಿಲ್ಲ, ಕಲಾವಿದರಿಗೆ ಅರ್ಪಿಸಿದ. 1830ರ ಈಸ್ಟರ್ ಹೊತ್ತಿಗೆ ಫ್ರಾಂಕ್‌ಫರ್ಟ್‌ನಲ್ಲಿ ಆತನನ್ನು ಕೇಳಿದ ಶೂಮನ್ (ಮುಂದೆ ಹೆಸರಾಂತ ಸಂಗೀತಕಾರ), ಕಾನೂನು ಓದು ಬಿಟ್ಟು ಸಂಗೀತಕ್ಕೆ ಬಂದ. 1832ರಲ್ಲಿ ಆರು ಕ್ಯಾಪ್ರಿಸ್‌ಗಳನ್ನು ಪಿಯಾನೊಗೆ ಅಳವಡಿಸಿ ತನ್ನ ಮೂರನೆಯ ಓಪಸ್ (ಕೃತಿಸಂಖ್ಯೆ) ಎಂದು ಪ್ರಕಟಿಸಿದ. ಅದಕ್ಕೆ ಆತ ಬರೆದ ಮುನ್ನುಡಿ ಉದ್ದವಾದದ್ದು. ಯಾವ ಬೆರಳು ಎಲ್ಲಿ, ಯಾವ ಪೂರ್ವಾಭ್ಯಾಸ ಯಾವುದಕ್ಕೆ ಎಂಬುದನ್ನೆಲ್ಲ ಮೇಷ್ಟರಂತೆ ವಿವರಿಸಿದ್ದಾನೆ. ಆ ಮೊದಲ ಸಂಪುಟದಲ್ಲಿ ಆತ ಪಗನೀನಿಯ ಗೆರೆಯನ್ನು ಬಹುಮಟ್ಟಿಗೆ ಹಾಗೆಯೇ ಉಳಿಸಿಕೊಂಡು ಕೆಳಗೆ ಆಧಾರವಾಗಿ ಸ್ವರಗುಚ್ಛ ಸೇರಿಸಿದ. ಮರುವರ್ಷ ಬರೆದ ಇನ್ನೂ ಆರು ಅಭ್ಯಾಸಗಳಲ್ಲಿ, ಅಂದರೆ ಹತ್ತನೆಯ ಓಪಸ್‌ನಲ್ಲಿ, ಆ ಕಟ್ಟುನಿಟ್ಟು ಸಾಲದೆಂದು ಪಿಯಾನೊದ ಸ್ವಭಾವಕ್ಕೆ ಹೆಚ್ಚು ಸ್ವಾತಂತ್ರ್ಯ ಕೊಟ್ಟ. ಒಬ್ಬನೇ ಮನುಷ್ಯ ಎರಡು ವರ್ಷಗಳೊಳಗೆ ನಿಮ್ಮ ಪ್ರಶ್ನೆಗೆ ಎರಡು ಉತ್ತರ ಬರೆದ ಹಾಗಾಯಿತು.

ಪಿಯಾನೊವಾದಕ ಲಿಸ್ಟ್ ಪಗನೀನಿಯನ್ನು ಕೇಳಿದ್ದು 1832ರ ಏಪ್ರಿಲ್‌ನಲ್ಲಿ, ಪ್ಯಾರಿಸ್‌ನಲ್ಲಿ. ಆಗ ಆತನಿಗೆ ಇಪ್ಪತ್ತು ವರ್ಷ. ಮೇ ತಿಂಗಳ ಆರಂಭದಲ್ಲಿ ಶಿಷ್ಯನೊಬ್ಬನಿಗೆ ಬರೆದ ಪತ್ರದಲ್ಲಿ, ದಿನಕ್ಕೆ ನಾಲ್ಕೈದು ಗಂಟೆ ಮೂರನೆಯ, ಆರನೆಯ ಸ್ವರಾಂತರಗಳು, ಸ್ಥಾಯಿಜೋಡಿಗಳು (ಒಂದೇ ಸ್ವರ ಎರಡು ಸ್ಥಾಯಿಗಳಲ್ಲಿ ಒಟ್ಟಿಗೆ), ಕಂಪನಗಳು, ಒಂದೇ ಸ್ವರದ ಮರುನುಡಿಗಳು ಇವುಗಳನ್ನೇ ಸಾಧನೆ ಮಾಡುತ್ತಿದ್ದೇನೆ ಎಂದು ಹೇಳಿಕೊಳ್ಳುತ್ತಾನೆ. ಈ ಪಟ್ಟಿಯಲ್ಲಿ ಒಂದು ರಾಗವೂ, ಅಂದರೆ ಹಾಡಬಹುದಾದ ಧಾಟಿಯೂ ಇಲ್ಲ, ಒಂದು ಕೃತಿಯ ಹೆಸರೂ ಇಲ್ಲ, ಇರುವುದೆಲ್ಲ ಕಷ್ಟಗಳ ಹೆಸರುಗಳು. ಆದ್ದರಿಂದ ಪಗನೀನಿಯಿಂದ ಲಿಸ್ಟ್ ಮೊದಲು ಪಡೆದದ್ದು ಸ್ವರಗಳನ್ನಲ್ಲ. ವಾದ್ಯದ ಎಲ್ಲೆಯನ್ನೇ ಸಂಗೀತದ ವಿಷಯವಾಗಿಸಬಹುದು ಎಂಬ ಅರಿವನ್ನು ಆತ ಪಡೆದ. ನೀವು ವಾಲಿರುವ ಕಡೆಯೇ ಸರಿ ಎಂದು ನನಗೂ ತೋರುತ್ತದೆ.

ನಾಲ್ಕನೇತಂತಿ

ನಾನು ಪಿಟೀಲು ನುಡಿಸುವವಳು, ಪಾಶ್ಚಾತ್ಯ ಪದ್ಧತಿಯಲ್ಲಿ ಕಲಿತವಳು. ಹಳೇಪಿಯಾನೊ ಅವರ ಮಾತನ್ನು ಗೌರವದಿಂದಲೇ ಪ್ರಶ್ನಿಸುತ್ತೇನೆ. ಸ್ವರ ದಾಟದಿದ್ದರೂ ಕಷ್ಟ ದಾಟುತ್ತದೆ ಎನ್ನುತ್ತೀರಿ. ನನಗೆ ತಿಳಿದ ಮಟ್ಟಿಗೆ ಎಲ್ಲಕ್ಕಿಂತ ಮೊದಲು ಕಳೆದುಹೋಗುವುದು ಕಷ್ಟವೇ.

ಮೊದಲನೆಯ ಕ್ಯಾಪ್ರಿಸ್ ತೆಗೆದುಕೊಳ್ಳಿ. ಅದು ಇ ಮೇಜರ್‌ನಲ್ಲಿದ್ದು, ಆರಂಭದಿಂದಲೇ ನಾಲ್ಕೂ ತಂತಿಗಳ ಮೇಲೆ ಸ್ವರಗುಚ್ಛಗಳು ಬಿಡಿಬಿಡಿಯಾಗಿ ಹರಿಯುತ್ತವೆ. ಅಲ್ಲಿ ಕಮಾನನ್ನು ನಾವು ಎಳೆಯುವುದಿಲ್ಲ. ತಂತಿಯ ಮೇಲೆ ಎಸೆದು, ಅದು ತಾನಾಗಿ ಪುಟಿಯಲು ಬಿಡುತ್ತೇವೆ. ಪುಟಿತದ ವೇಗ ಕಡ್ಡಿಯ ತೂಕದ್ದು, ಕೂದಲಿನ ಬಿಗಿತದ್ದು, ಮಣಿಕಟ್ಟಿನ ಸಡಿಲಿಕೆಯದು. ಹತೋಟಿ ಬಿಟ್ಟುಕೊಟ್ಟಾಗಲೇ ಹತೋಟಿ ಸಿಗುವ ವಿಚಿತ್ರ ಕೆಲಸ ಅದು, ನನಗೆ ಕೈಗೂಡಲು ಎರಡು ವರ್ಷ ಬೇಕಾಯಿತು. ಪಿಯಾನೊದಲ್ಲಿ ಆ ಪುಟಿತಕ್ಕೆ ಸಮನಾದದ್ದು ಏನಿದೆ? ಪ್ರತಿಯೊಂದು ಸ್ವರವನ್ನೂ ಪ್ರತ್ಯೇಕ ಬೆರಳು ಒತ್ತಲೇಬೇಕು. ಆರನೆಯ ಕ್ಯಾಪ್ರಿಸ್‌ನಲ್ಲಿ ಒಂದು ತಂತಿಯ ಮೇಲೆ ರಾಗ ನಡೆಯುತ್ತಿರುವಾಗಲೇ ಪಕ್ಕದ ತಂತಿಯ ಮೇಲೆ ಇನ್ನೊಂದು ಬೆರಳು ನಿಲ್ಲದೆ ನಡುಗುತ್ತಿರಬೇಕು. ಒಂದೇ ಅಂಗೈಯೊಳಗೆ ಒಂದು ಬೆರಳಿಗೆ ಶಾಂತಿ, ಇನ್ನೊಂದಕ್ಕೆ ತಳಮಳ. ಪಿಯಾನೊದವರು ರಾಗವನ್ನು ಒಂದು ಕೈಗೂ ನಡುಕವನ್ನು ಇನ್ನೊಂದು ಕೈಗೂ ಹಂಚಿಬಿಟ್ಟರೆ ಆ ಒಳಜಗಳವೇ ಇಲ್ಲವಾಗುತ್ತದೆ.

ಇನ್ನೊಂದು ಮಾತು. ಪಿಟೀಲಿನಲ್ಲಿ ಒಂದೇ ಸ್ವರವನ್ನು ಬೆರಳಿಡದ ಬರಿಯ ತಂತಿಯ ಮೇಲೂ, ಪಕ್ಕದ ತಂತಿಯಲ್ಲಿ ಬೆರಳೊತ್ತಿಯೂ ಪಡೆಯಬಹುದು. ಎರಡರ ಬಣ್ಣ ಬೇರೆ. ಬಾಖ್‌ನ ಇ ಮೇಜರ್ ಪಾರ್ಟಿಟಾದ ಮೊದಲ ಭಾಗದಲ್ಲಿ ಈ ಎರಡು ಬಣ್ಣಗಳು ಕ್ಷಣಕ್ಕೊಮ್ಮೆ ಅದಲುಬದಲಾಗುವುದರಲ್ಲಿಯೇ ಸೊಗಸಿದೆ. ಪಿಯಾನೊದಲ್ಲಿ ಆ ಸ್ವರಕ್ಕೆ ಇರುವುದು ಒಂದೇ ಮನೆ, ಒತ್ತಲು ಒಂದೇ ಕೀಲಿ.

ಗಮಕಪ್ರಿಯ

ನಾನು ಕರ್ನಾಟಕ ಸಂಗೀತದ ಪಿಟೀಲು ಕಲಿಯುತ್ತಿರುವ ವಿದ್ಯಾರ್ಥಿ. ನಾಲ್ಕನೇತಂತಿ ಮೇಡಂ ಬರಿಯ ತಂತಿಯ ಬಣ್ಣದ ಬಗ್ಗೆ ಹೇಳಿದ್ದು ನಮಗೂ ಅನುಭವದ ಮಾತು. ನಮ್ಮ ಕಷ್ಟ ಮತ್ತೊಂದು ಕಡೆ ಇದೆ: ತೋಡಿಯ ಗಾಂಧಾರ ಯಾವ ಒಂದು ಮನೆಯಲ್ಲಿಯೂ ನಿಲ್ಲುವುದಿಲ್ಲ, ಅದನ್ನು ಪಿಯಾನೊದಲ್ಲಿ ನುಡಿಸಲು ಹೊರಟರೆ ಸ್ವರಸ್ಥಾನ ಸಿಕ್ಕೀತು, ಸ್ವರ ಸಿಗುವುದಿಲ್ಲ. ಪಗನೀನಿಯ ಸಂಗೀತದಲ್ಲಿ ಅಂಥ ಜಾರುವಿಕೆ ಮುಖ್ಯವಲ್ಲದ ಕಾರಣದಿಂದಲೇ ಅದು ಪಿಯಾನೊಗೆ ಬರಲು ಸಾಧ್ಯವಾಯಿತೇ ಎಂದು ಕೇಳಬೇಕೆನಿಸಿತು. ಹಾಗೆಯೇ, ಎಲ್ಲರೂ ಕೇಳಿರುವ ‘ಲಾ ಕಂಪನೆಲ್ಲಾ’ ಕೂಡ ಕ್ಯಾಪ್ರಿಸ್‌ಗಳಲ್ಲಿ ಒಂದೇ?

ಹಳೇಪಿಯಾನೊ

ಗಮಕಪ್ರಿಯ ಅವರೇ, ‘ಲಾ ಕಂಪನೆಲ್ಲಾ’ ಕ್ಯಾಪ್ರಿಸ್ ಅಲ್ಲ. ಅದು ಪಗನೀನಿಯ ಎರಡನೆಯ ಪಿಟೀಲು ಕಂಚರ್ಟೊದ (ವಾದ್ಯವೃಂದದೊಂದಿಗೆ ಪಿಟೀಲು ನುಡಿಯುವ ಕೃತಿಯ) ಕೊನೆಯ ಭಾಗ. ಅಲ್ಲಿ ವಾದ್ಯವೃಂದದಲ್ಲಿ ಪುಟ್ಟ ಗಂಟೆಯೊಂದು ನುಡಿಯುತ್ತದೆ, ಪಿಟೀಲು ಅದಕ್ಕೆ ಮಾರುತ್ತರ ಕೊಡುತ್ತದೆ. ಲಿಸ್ಟ್‌ನ ಆರು ಅಭ್ಯಾಸಗಳಲ್ಲಿ ಅದೊಂದನ್ನು ಬಿಟ್ಟು ಉಳಿದ ಐದೂ ಕ್ಯಾಪ್ರಿಸ್‌ಗಳಿಂದ ಬಂದವು. ಜಾರುವಿಕೆಯ ಬಗ್ಗೆ ನೀವು ಊಹಿಸಿದ್ದು ಬಹುಪಾಲು ಸರಿ. ಪಗನೀನಿಯ ಬರವಣಿಗೆಯಲ್ಲಿ ಸ್ವರಗಳು ಬಿಡಿಬಿಡಿಯಾಗಿ, ಮಿಂಚಿನಂತೆ ಬರುತ್ತವೆ. ಸುತ್ತಿಗೆಯಿಂದ ತಂತಿಯನ್ನು ಹೊಡೆಯುವ ವಾದ್ಯಕ್ಕೆ ಅದು ಅಪರಿಚಿತವಲ್ಲ.

ಈಗ ನಾಲ್ಕನೇತಂತಿ ಅವರ ಆಕ್ಷೇಪಕ್ಕೆ ಬರುತ್ತೇನೆ. ಅದು ಗಟ್ಟಿಯಾದ ಆಕ್ಷೇಪ. ಆದರೆ ಲಿಸ್ಟ್ ಅದನ್ನು ಸ್ವತಃ ಎದುರಿಸಿದ್ದಾನೆ, ಅದೂ ಎರಡು ಸಲ. ಆತನ ಪಗನೀನಿ ಅಭ್ಯಾಸಗಳಿಗೆ ಎರಡು ಆವೃತ್ತಿಗಳಿವೆ. 1838ರಲ್ಲಿ ಬರೆದದ್ದು ಒಂದು, 1851ರಲ್ಲಿ ತಿದ್ದಿ ಬರೆದದ್ದು ಇನ್ನೊಂದು. ಎರಡನ್ನೂ ಕ್ಲಾರಾ ಶೂಮನ್‌ಗೇ ಅರ್ಪಿಸಿದ್ದಾನೆ. ಮೊದಲ ಆವೃತ್ತಿಯ ಕೆಲವು ಪುಟಗಳನ್ನು ನೋಡಿದರೆ ಕೈ ನಡುಗುತ್ತದೆ. ಪಿಟೀಲಿನ ಒಂದೊಂದು ಸ್ವರದ ಜಾಗದಲ್ಲಿ ಆರೇಳು ಸ್ವರಗಳ ಗುಚ್ಛಗಳು, ಇನ್ನೂ ಕಠಿಣವಾದ ಬದಲಿ ರೂಪಗಳು, ಆರನೆಯ ಕ್ಯಾಪ್ರಿಸ್‌ನ ಅಭ್ಯಾಸದ ಮೇಲುಗಡೆ ಹೋಲಿಸಿ ನೋಡಲೆಂದು ಅಚ್ಚು ಹಾಕಿಸಿದ ಶೂಮನ್‌ನ ರೂಪ. ಆ ಹೊತ್ತಿಗೆ ಎರಾರ್ ಕಂಪನಿಯ ಪಿಯಾನೊಗಳಲ್ಲಿ ಮನೆ ಪೂರ್ತಿ ಮೇಲೇಳುವ ಮೊದಲೇ ಅದೇ ಸ್ವರವನ್ನು ಮತ್ತೆ ಹೊಡೆಯಬಲ್ಲ ಯಂತ್ರ ಬಂದಿತ್ತು, 1821ರಲ್ಲಿ ಅದಕ್ಕೆ ಪೇಟೆಂಟ್ ಆಗಿತ್ತು. ವಾದ್ಯ ಏನನ್ನೆಲ್ಲ ಹೊರಬಲ್ಲದೋ ಅದೆಲ್ಲವನ್ನೂ ಲಿಸ್ಟ್ ಹೊರಿಸಿ ನೋಡಿದ.

1851ರ ಆವೃತ್ತಿಯಲ್ಲಿ ಆತ ಸ್ವರಗಳನ್ನು ತೆಗೆದುಹಾಕುತ್ತಾ ಹೋದ. ನೀವು ಹೇಳಿದ ಮೊದಲನೆಯ ಕ್ಯಾಪ್ರಿಸ್ ಲಿಸ್ಟ್‌ನ ನಾಲ್ಕನೆಯ ಅಭ್ಯಾಸವಾಗಿದೆ. 1838ರಲ್ಲಿ ದಪ್ಪ ದಪ್ಪ ಗುಚ್ಛಗಳಾಗಿದ್ದ ಅದೇ ಅಭ್ಯಾಸವನ್ನು ಆತ 1851ರಲ್ಲಿ ಎರಡು ಸಾಲುಗಳಲ್ಲಿ ಬರೆಯದೆ ಪಿಟೀಲಿನಂತೆ ಒಂದೇ ಸಾಲಿನಲ್ಲಿ ಬರೆದ. ಪಿಯಾನೊ ಪುಸ್ತಕದಲ್ಲಿ ಒಂದೇ ಸಾಲಿನ ಪುಟ ಕಂಡಾಗ ಕಣ್ಣಿಗೆ ಏನೋ ಕಾಣೆಯಾದ ಹಾಗೆ ಅನಿಸುತ್ತದೆ. ಎರಡು ಕೈಗಳು ಒಂದರೊಳಗೊಂದು ಹೆಣೆದುಕೊಂಡು, ಎಲ್ಲಿ ಎಡಗೈ ಬಿಟ್ಟಿತು ಎಲ್ಲಿ ಬಲಗೈ ಹಿಡಿಯಿತು ಎಂದು ಕಿವಿಗೆ ತಿಳಿಯದಂತೆ, ಒಂದೇ ಗೆರೆಯನ್ನು ನುಡಿಸಬೇಕು. ಕಮಾನಿನ ಪುಟಿತ ಇಲ್ಲಿ ಇಲ್ಲ ಎಂಬುದು ನಿಜ. ಆದರೆ ಕೈ ಹಗುರವಾಗದೆ, ಒತ್ತುವ ಆಸೆಯನ್ನು ಬಿಡದೆ, ಆ ಪುಟ ನುಡಿಯುವುದಿಲ್ಲ. ಹತೋಟಿ ಬಿಟ್ಟುಕೊಟ್ಟಾಗಲೇ ಹತೋಟಿ ಸಿಗುತ್ತದೆ ಎಂದಿರಲ್ಲ, ಅದನ್ನೇ ನಾನು ನನ್ನ ವಿದ್ಯಾರ್ಥಿಗಳಿಗೆ ಈ ಅಭ್ಯಾಸದಲ್ಲಿ ಹೇಳಿಕೊಡುವುದು.

ಆರನೆಯ ಕ್ಯಾಪ್ರಿಸ್‌ನ ಒಳಜಗಳದ ವಿಷಯವೂ ಹಾಗೆಯೇ. ಲಿಸ್ಟ್‌ನ ಮೊದಲನೆಯ ಅಭ್ಯಾಸದಲ್ಲಿ ಐದನೆಯ ಕ್ಯಾಪ್ರಿಸ್‌ನ ಆರಂಭ ಮುಗಿದು ಆರನೆಯದು ಶುರುವಾಗುವಾಗ, ರಾಗವನ್ನೂ ನಡುಕವನ್ನೂ ಮೊದಲಿಗೆ ಎಡಗೈಯೊಂದೇ ಹೊರುತ್ತದೆ, ಬಲಗೈ ಸುಮ್ಮನಿರುತ್ತದೆ. ಹಂಚಿಕೊಳ್ಳಲು ಇನ್ನೊಂದು ಕೈ ಪಕ್ಕದಲ್ಲೇ ಇದ್ದರೂ ಲಿಸ್ಟ್ ಹಂಚಲಿಲ್ಲ. ಪಿಟೀಲುವಾದಕನ ಒಂದು ಅಂಗೈಯ ಸಂಕಟವನ್ನು ಪಿಯಾನೊವಾದಕನ ಒಂದು ಅಂಗೈಗೇ ಕೊಟ್ಟ.

‘ಕಂಪನೆಲ್ಲಾ’ದ ಮಾತು ಬೇರೆ. ಅಲ್ಲಿ ಆತ ಪಿಟೀಲಿನ ಶ್ರಮವನ್ನು ಬಿಟ್ಟು ನೇರವಾಗಿ ಗಂಟೆಯ ಬಳಿಗೇ ಹೋದ. ಜಿ ಶಾರ್ಪ್ ಮೈನರ್‌ನಲ್ಲಿ ಮೇಲಿನ ಡಿ ಶಾರ್ಪ್ ಸ್ವರ ಮತ್ತೆ ಮತ್ತೆ ಕಿಣಿಗುಟ್ಟುವಾಗ, ಬಲಗೈ ಎರಡು ಸ್ಥಾಯಿಗಳಷ್ಟು ದೂರ ಜಿಗಿದು ಅದನ್ನು ಮುಟ್ಟಿ ಬರುವಾಗ, ಕೇಳಿಸುವುದು ಪಿಟೀಲಲ್ಲ, ಗಂಟೆ. ಅದು ಸುಂದರವಾಗಿದೆ ಎಂಬುದರಲ್ಲಿ ಎರಡು ಮಾತಿಲ್ಲ, ಆದರೆ ಈ ಚರ್ಚೆಯ ಅರ್ಥದಲ್ಲಿ ಒಂದೇ ಸಾಲಿನ ನಾಲ್ಕನೆಯ ಅಭ್ಯಾಸವೇ ಹೆಚ್ಚಿನ ಸಾಧನೆ ಎಂದು ನಾನು ನಂಬಿದ್ದೇನೆ.

ನಾಲ್ಕನೇತಂತಿ

ಆರನೆಯ ಕ್ಯಾಪ್ರಿಸ್‌ನ ಎಡಗೈ ವಿಷಯ ನನಗೆ ಗೊತ್ತಿರಲಿಲ್ಲ. ನಿನ್ನೆ ರಾತ್ರಿ ಪುಟ ತೆಗೆದು ನೋಡಿದೆ, ಒಪ್ಪಿದೆ. ಒಂಬತ್ತನೆಯ ಕ್ಯಾಪ್ರಿಸ್‌ನ ಬಗ್ಗೆಯೂ ಒಂದು ಮಾತು ಸೇರಿಸುತ್ತೇನೆ. ಬೇಟೆಯ ಕ್ಯಾಪ್ರಿಸ್ ಎಂದು ಅದಕ್ಕೆ ಹೆಸರಾಗಿದೆ. ಮೇಲಿನ ಎರಡು ತಂತಿಗಳಲ್ಲಿ ಕೊಳಲಿನಂತೆ, ಕೆಳಗಿನ ಎರಡು ತಂತಿಗಳಲ್ಲಿ ಕೊಂಬಿನಂತೆ ನುಡಿಸಬೇಕೆಂದು ಪಗನೀನಿ ಸ್ವತಃ ಬರೆದಿದ್ದಾನೆ. ಲಿಸ್ಟ್‌ನ ಐದನೆಯ ಅಭ್ಯಾಸದಲ್ಲಿಯೂ ಅದೇ ಸೂಚನೆಗಳಿವೆ. ಅಂದರೆ ಅಲ್ಲಿ ಪಿಟೀಲೇ ಬೇರೆ ವಾದ್ಯಗಳ ವೇಷ ಹಾಕಿದೆ, ಪಿಯಾನೊ ಆ ವೇಷದ ಮೇಲೆ ವೇಷ ಹಾಕುತ್ತಿದೆ. ಹೀಗಿರುವಾಗ ಮೂಲ ಯಾವುದು ಎಂದು ಪಟ್ಟು ಹಿಡಿಯುವುದು ನನಗೇ ಕಷ್ಟವಾಯಿತು.

ಆರ್ಗನ್‌ಮನೆ

ಇಷ್ಟು ಹೊತ್ತು ಓದುತ್ತಿದ್ದೆ. ಬುಸೋನಿಯ ಪರವಾಗಿ ಯಾರೂ ಮಾತನಾಡದಿರುವುದು ಸರಿಯಲ್ಲ ಎನಿಸಿ ಬರೆಯುತ್ತಿದ್ದೇನೆ.

ಮಂದ್ರಶ್ರುತಿಯವರೇ, ಕಡಿಮೆ ಸ್ವರಗಳಿದ್ದರೆ ಮೂಲಕ್ಕೆ ಹತ್ತಿರ, ಹೆಚ್ಚು ಸ್ವರಗಳಿದ್ದರೆ ದೂರ ಎಂಬ ಅಳತೆಗೋಲನ್ನು ನೀವು ಬಾಖ್‌ಗೆ ಹಿಡಿದರೆ ಬಾಖನೇ ಸೋಲುತ್ತಾನೆ. ಇ ಮೇಜರ್ ಪಾರ್ಟಿಟಾದ ಮೊದಲ ಭಾಗವನ್ನು ಆತ 1731ರಲ್ಲಿ ತನ್ನ 29ನೆಯ ಕಾಂಟಾಟಾದ (ವಾದ್ಯಗಳೊಂದಿಗೆ ಹಾಡುವ ಕೃತಿಯ) ಆರಂಭಕ್ಕೆ ಬಳಸಿಕೊಂಡ. ಒಂಟಿ ಪಿಟೀಲಿನ ಗೆರೆಯನ್ನು ಡಿ ಮೇಜರ್‌ಗೆ ಇಳಿಸಿ ಆರ್ಗನ್‌ಗೆ ಕೊಟ್ಟ, ಸುತ್ತಲೂ ತಂತಿವಾದ್ಯಗಳು, ಕಹಳೆಗಳು, ನಗಾರಿ. ಎ ಮೈನರ್ ಸೊನಾಟಾಕ್ಕೂ ಡಿ ಮೈನರ್‌ನಲ್ಲಿ ಕೀಲಿಮಣೆಯ ರೂಪವೊಂದಿದೆ. ಬಾಖ್‌ನ ಶಿಷ್ಯ ಅಗ್ರಿಕೋಲ ಹೇಳಿರುವ ಪ್ರಕಾರ, ಗುರುಗಳು ಈ ಒಂಟಿ ಪಿಟೀಲಿನ ಕೃತಿಗಳನ್ನು ಕ್ಲಾವಿಕಾರ್ಡ್ ಎಂಬ ಕೀಲಿಮಣೆ ವಾದ್ಯದ ಮೇಲೆ ಆಗಾಗ ನುಡಿಸುತ್ತಿದ್ದರು, ಅಗತ್ಯವೆನಿಸಿದಷ್ಟು ಸ್ವರಸಂಗತಿಯನ್ನು ಸೇರಿಸಿಕೊಳ್ಳುತ್ತಿದ್ದರು. ಪಕ್ಕವಾದ್ಯವಿಲ್ಲದೆ ಎಂದು ಬರೆದವನೇ ಮನೆಯಲ್ಲಿ ಕುಳಿತು ಪಕ್ಕವಾದ್ಯ ಸೇರಿಸುತ್ತಿದ್ದ.

ಬುಸೋನಿ 1890ರ ದಶಕದ ಆರಂಭದಲ್ಲಿ ಶಾಕಾನನ್ನು ಪಿಯಾನೊಗೆ ತಂದು ಪಿಯಾನೊವಾದಕ ಯೂಜನ್ ದಾಲ್ಬೆರ್‌ಗೆ ಅರ್ಪಿಸಿದ. ಆತ ಅದನ್ನು ಪಿಟೀಲಿನಿಂದ ನೇರವಾಗಿ ಪಿಯಾನೊಗೆ ತರಲಿಲ್ಲ, ನಡುವೆ ಒಂದು ಆರ್ಗನ್‌ನ್ನು ಕಲ್ಪಿಸಿಕೊಂಡ ಎಂಬುದೇ ನನ್ನ ತಿಳಿವಳಿಕೆ. ಮಂದ್ರಸ್ಥಾಯಿಯಲ್ಲಿ ಸೇರಿಸಿದ ಸ್ಥಾಯಿಜೋಡಿಗಳು ಆರ್ಗನ್‌ನ ಕಾಲುಮಣೆ. ಮೇಜರ್ ಭಾಗ ತೆರೆದುಕೊಳ್ಳುವ ಕಡೆ ಆತ ಟ್ರಾಂಬೋನ್‌ಗಳಂತೆ ಎಂದು ಬರೆದಿದ್ದಾನೆ. ಆ ಎಂಟು ಬಾರುಗಳನ್ನು ಮೆಲ್ಲನೆ, ತೂಕವಾಗಿ ನುಡಿಸಿದಾಗ, ಕತ್ತಲ ಗುಡಿಯೊಳಗೆ ದೀಪ ಹೊತ್ತಿಸಿದ ಹಾಗಾಗುತ್ತದೆ. ಬಾಖ್‌ನ ನಾಲ್ಕು ತಂತಿ ಸೂಚಿಸಿದ್ದನ್ನು ಬುಸೋನಿ ಕೇಳಿಸುವಂತೆ ಮಾಡಿದ. ರಷ್ಯದ ಸಂಗೀತಕಾರ ರಾಖ್ಮನಿನೋವ್ 1933ರಲ್ಲಿ ಇ ಮೇಜರ್ ಪಾರ್ಟಿಟಾದ ಮೂರು ಭಾಗಗಳನ್ನು ಅಳವಡಿಸಿದಾಗಲೂ ಇದನ್ನೇ ಮಾಡಿದ: ಪಿಟೀಲಿನ ಗೆರೆಯನ್ನು ಮುಟ್ಟದೆ ಅದರ ಸುತ್ತ ತನ್ನದೇ ಎಳೆಗಳನ್ನು ನೇಯ್ದ. ಇವರನ್ನು ಅಪಚಾರ ಮಾಡಿದವರ ಸಾಲಿಗೆ ಸೇರಿಸಬೇಡಿ ಎಂಬುದು ನನ್ನ ಕಳಕಳಿಯ ಬೇಡಿಕೆ.

ಮಂದ್ರಶ್ರುತಿ

ಆರ್ಗನ್‌ಮನೆಯವರೇ, ಅಪಚಾರ ಎಂಬ ಮಾತು ನನ್ನ ಮನಸ್ಸಿನಲ್ಲಿಯೂ ಇರಲಿಲ್ಲ, ಆದರೂ ನೀವು ಹೇಳಿದ್ದನ್ನು ಓದಿ ಎರಡು ದಿನ ಯೋಚಿಸಿದೆ. 29ನೆಯ ಕಾಂಟಾಟಾವನ್ನು ಕೇಳಿದೆ. ಕಡಿಮೆ ಸ್ವರವೇ ಶ್ರೇಷ್ಠ ಎಂಬ ಅಳತೆಗೋಲನ್ನು ಕೈಬಿಡುತ್ತೇನೆ.

ಕೈಬಿಟ್ಟ ಮೇಲೂ ಒಂದು ಸಂಗತಿ ಉಳಿಯಿತು. ಬ್ರಾಮ್ಸ್ ಈ ಶಾಕಾನನ್ನು ಕಛೇರಿಯ ಕೃತಿ ಎಂದು ಪ್ರಕಟಿಸಲಿಲ್ಲ, ಪಿಯಾನೊಗಾಗಿ ಐದು ಅಭ್ಯಾಸಗಳು ಎಂಬ ಗುಂಪಿನ ಕೊನೆಯದಾಗಿ ಪ್ರಕಟಿಸಿದ. ಆ ಗುಂಪಿನ ಮೂರನೆಯದೂ ನಾಲ್ಕನೆಯದೂ ಬಾಖ್‌ನ ಜಿ ಮೈನರ್ ಸೊನಾಟಾದ ಪ್ರೆಸ್ಟೊ ಎಂಬ ವೇಗದ ಭಾಗ, ಒಂದೇ ಭಾಗಕ್ಕೆ ಎರಡು ರೂಪ. ಪಿಟೀಲಿನಲ್ಲಿ ಅದು ಉಸಿರು ಬಿಡದೆ ಓಡುವ ಒಂದೇ ಗೆರೆ. ಬ್ರಾಮ್ಸ್ ಆ ಗೆರೆಗೆ ಎದುರಾಗಿ ಅಷ್ಟೇ ವೇಗದ ಇನ್ನೊಂದು ಗೆರೆಯನ್ನು ಹೆಣೆದ, ಎರಡನೆಯ ರೂಪದಲ್ಲಿ ಕೈಗಳನ್ನು ಅದಲುಬದಲು ಮಾಡಿದ. ಪಗನೀನಿಯ 24ನೆಯ ಕ್ಯಾಪ್ರಿಸ್‌ನ ಮೇಲೆ ಆತ 1862ರಿಂದ 1863ರ ಹೊತ್ತಿಗೆ ಬರೆದ, ತಲಾ ಹದಿನಾಲ್ಕು ರೂಪಾಂತರಗಳ ಎರಡು ಸಂಪುಟಗಳಿಗೂ ಅಭ್ಯಾಸಗಳು ಎಂದೇ ಹೆಸರಿಟ್ಟಿದ್ದಾನೆ. ಪಿಟೀಲಿನ ಸಂಗೀತ ಕೈಗೆ ಬಂದಾಗಲೆಲ್ಲ ಬ್ರಾಮ್ಸ್ ಅದನ್ನು ತನ್ನ ಕೈಗಳಿಗೆ ಪಾಠವಾಗಿಸಿಕೊಂಡ. ಪ್ರೆಸ್ಟೊದಲ್ಲಿ ಆತ ಸ್ವರಗಳನ್ನು ಸೇರಿಸಿದ್ದಾನೆ, ಶಾಕಾನ್‌ನಲ್ಲಿ ಹೆಚ್ಚೂಕಡಿಮೆ ಏನನ್ನೂ ಸೇರಿಸಿಲ್ಲ, ಒಂದು ಸ್ಥಾಯಿ ಕೆಳಗೆ ಇಳಿಸಿದ್ದಾನೆ ಅಷ್ಟೆ. ಹಾಗಾದರೆ ವ್ಯತ್ಯಾಸ ಇರುವುದು ಎಲ್ಲಿ? ನನಗೆ ತೋಚುತ್ತಿಲ್ಲ.

ನಾಲ್ಕನೇತಂತಿ

ಬಹುಶಃ ನಾನು ಸಹಾಯ ಮಾಡಬಲ್ಲೆ. ಶಾಕಾನ್‌ನ ಮೊದಲ ಗುಚ್ಛವನ್ನು ಪಿಟೀಲಿನಲ್ಲಿ ಹೇಗೆ ನುಡಿಸುತ್ತೇವೆಂದು ಹೇಳುತ್ತೇನೆ. ಪಿಟೀಲಿನ ಕುದುರೆ, ಅಂದರೆ ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡು, ಬಾಗಿದ್ದು, ತಂತಿಗಳು ಕಮಾನಿನಾಕಾರದಲ್ಲಿ ನಿಂತಿರುತ್ತವೆ, ಆದ್ದರಿಂದ ನಾಲ್ಕು ತಂತಿಗಳನ್ನು ಒಂದೇ ಕ್ಷಣದಲ್ಲಿ ಮುಟ್ಟಿ ಹಿಡಿದಿಡಲು ಕಮಾನಿಗೆ ಸಾಧ್ಯವಿಲ್ಲ. ಕೆಳಗಿನವು ಮೊದಲು ನುಡಿಯುತ್ತವೆ, ಆಮೇಲೆ ಕಮಾನು ಹೊರಳಿ ಮೇಲಿನವುಗಳ ಮೇಲೆ ನಿಲ್ಲುತ್ತದೆ. ಆ ಹೊರಳುವಿಕೆಗೆ ಒಂದಿಷ್ಟು ಕಾಲ ಬೇಕು. ತಾಳದಿಂದ ಆ ಕಾಲವನ್ನು ಕದಿಯಬೇಕು, ಕದ್ದದ್ದು ಗೊತ್ತಾಗದಂತೆ ಹಿಂದಿರುಗಿಸಬೇಕು. ಈ ಕೃತಿಯ ನಡೆಯೆಲ್ಲ ಈ ಕೊಡುಕೊಳ್ಳುವಿಕೆಯಲ್ಲಿದೆ.

ಈಗ ನಿಮ್ಮ ಎಡಗೈಯನ್ನು ನೆನೆಸಿಕೊಳ್ಳಿ. ಒಂದೇ ಕೈಗೆ ಎಟುಕದ ಅಗಲದ ಗುಚ್ಛ ಬಂದಾಗ ನೀವೇನು ಮಾಡುತ್ತೀರಿ?

ಮಂದ್ರಶ್ರುತಿ

ಕಿರುಬೆರಳಿನಿಂದ ಮೊದಲು ಮಂದ್ರಸ್ವರ ಹಿಡಿಯುತ್ತೇನೆ, ಕಾಲಿನಿಂದ ಪೆಡಲ್ ಒತ್ತಿ ಅದನ್ನು ಉಳಿಸಿಕೊಂಡು, ಕೈಯನ್ನು ಹೊರಳಿಸಿ ಹೆಬ್ಬೆರಳಿನಿಂದ ಮೇಲಿನ ಸ್ವರಕ್ಕೆ ಹೋಗುತ್ತೇನೆ. ಅದಕ್ಕೂ ಕಾಲ ಬೇಕಾಗುತ್ತದೆ. ಎಂಟು ತಿಂಗಳು ನಾನು ಕಲಿತದ್ದು ಇದನ್ನೇ ಎಂದು ಈಗ ತಿಳಿಯುತ್ತಿದೆ. ನನ್ನ ಮುಂಗೈ ಕಮಾನಿನ ಕೆಲಸ ಮಾಡುತ್ತಿತ್ತು.

ಬುಸೋನಿಯಲ್ಲಿ ಮೊದಲ ಗುಚ್ಛಗಳನ್ನು ಎರಡು ಕೈಗಳು ಒಮ್ಮೆಗೇ ಹಿಡಿಯಬಲ್ಲವು. ಕದಿಯಬೇಕಾದ ಕಾಲವೇ ಅಲ್ಲಿಲ್ಲ. ನನ್ನ ಮನಸ್ಸು ಒಪ್ಪದಿದ್ದದ್ದು ಇದಕ್ಕೇ ಇರಬೇಕು. ಸ್ವರಗಳು ಹೆಚ್ಚಾದವೆಂದು ನಾನು ತಿಳಿದುಕೊಂಡಿದ್ದೆ, ಕಾಣೆಯಾಗಿದ್ದದ್ದು ಆ ಹೊರಳುವಿಕೆ.

ಎಡಗೈಸಾಧಕ

ಇದಕ್ಕೆ ಒಂದು ವಿವರ ಸೇರಿಸಲು ಅನುಮತಿ ಕೊಡಿ. ಹುಟ್ಟಿನಿಂದ ಬಲಗೈಯಲ್ಲಿ ಶಕ್ತಿ ಕಡಿಮೆ ಇರುವ ಕಾರಣ ನಾನು ಎಡಗೈಯ ಕೃತಿಗಳನ್ನೇ ನುಡಿಸುತ್ತ ಬಂದವನು. ಎಡಗೈಯಲ್ಲಿ ಹೆಬ್ಬೆರಳು ಮೇಲಿನ ಸ್ವರಗಳ ಕಡೆಗಿರುತ್ತದೆ. ರಾಗವನ್ನು ಎತ್ತಿ ಹಾಡಿಸಬೇಕಾದದ್ದು ಕೈಯಲ್ಲೇ ಬಲವಾದ ಬೆರಳು, ಮಂದ್ರವನ್ನು ಕಾಯಬೇಕಾದದ್ದು ಕಿರುಬೆರಳು. ಬಲಗೈಗೆ ಇದೇ ಕೃತಿಯನ್ನು ಕೊಟ್ಟರೆ ರಾಗ ಕಿರುಬೆರಳಿನ ಪಾಲಾಗುತ್ತದೆ. ಮೊದಲನೆಯ ಮಹಾಯುದ್ಧದಲ್ಲಿ ಬಲಗೈ ಕಳೆದುಕೊಂಡು ಆಮೇಲೂ ವೇದಿಕೆಯ ಮೇಲೆ ಬಾಳಿದ ಪೌಲ್ ವಿಟ್‌ಗೆನ್‌ಸ್ಟೈನ್ ಈ ಶಾಕಾನನ್ನು ನುಡಿಸುತ್ತಿದ್ದ. ಅನುಕಂಪಕ್ಕಾಗಿ ಕೇಳುವ ಕೃತಿ ಇದಲ್ಲ. ಕೈಯ ರಚನೆಗೂ ಕೃತಿಯ ರಚನೆಗೂ ಇಲ್ಲಿ ನಿಜವಾದ ಹೊಂದಿಕೆ ಇದೆ.

ಪೆಡಲ್ ಬಗ್ಗೆ ಎಚ್ಚರ ಇರಲಿ. ಮಂದ್ರವನ್ನು ಉಳಿಸಿಕೊಳ್ಳುವ ಆಸೆಯಿಂದ ಬಾರು ಪೂರ್ತಿ ಒತ್ತಿ ಹಿಡಿದರೆ ಎಲ್ಲವೂ ಕಲಸಿಹೋಗುತ್ತದೆ. ಪಿಟೀಲಿನಲ್ಲಿ ಕಮಾನು ಮೇಲಕ್ಕೆ ಹೊರಳಿದಾಗ ಕೆಳಗಿನ ತಂತಿಯ ಸ್ವರ ಕ್ಷೀಣವಾಗಿ ಆರುತ್ತದೆ, ಕಿವಿ ಅದನ್ನು ನೆನಪಿನಲ್ಲಿ ಮುಂದುವರಿಸಿಕೊಳ್ಳುತ್ತದೆ. ಕೇಳುವವರ ನೆನಪಿಗೂ ಸ್ವಲ್ಪ ಕೆಲಸ ಬಿಡಿ.

ಆರ್ಗನ್‌ಮನೆ

ಹೊರಳುವಿಕೆಯ ವಿಚಾರವನ್ನು ಮನಃಪೂರ್ವಕ ಒಪ್ಪುತ್ತೇನೆ, ಆದರೂ ಒಂದು ಮಾತಿದೆ. 89ನೆಯ ಬಾರಿನಿಂದ 120ರವರೆಗೆ ಬಾಖ್ ಬರೆದದ್ದು ಗುಚ್ಛಗಳನ್ನಷ್ಟೇ, ಜೊತೆಗೆ ಬಿಡಿಸಿ ನುಡಿಸು ಎಂಬ ಸೂಚನೆ. ಹೇಗೆ ಬಿಡಿಸಬೇಕೆಂಬುದನ್ನು ನುಡಿಸುವವರಿಗೇ ಬಿಟ್ಟಿದ್ದಾನೆ. ಅಲ್ಲಿ ಪಿಟೀಲುವಾದಕರೂ ಅಳವಡಿಸುವವರೇ. ಬ್ರಾಮ್ಸ್ ಅದನ್ನು ಒಂದು ಬಗೆಯಲ್ಲಿ ತುಂಬಿದ, ಬುಸೋನಿ ಇನ್ನೊಂದು ಬಗೆಯಲ್ಲಿ. ಆ 32 ಬಾರುಗಳಲ್ಲಿ ಮೂಲ ಎಂಬುದು ಯಾರ ಕೈಯಲ್ಲಿಯೂ ಸಿದ್ಧವಾಗಿ ಇಲ್ಲ. ಬುಸೋನಿಯನ್ನು ನೀವು ಅಲ್ಲಿಂದ ಆರಂಭಿಸಿದರೆ ಹೇಗೆ?

ಹಳೇಪಿಯಾನೊ

ಇದು ಒಳ್ಳೆಯ ಸಲಹೆ. ನನ್ನದೊಂದು ಸೇರ್ಪಡೆ: ಆ ಬಾರುಗಳನ್ನು ಮೊದಲು ಬಾಖ್ ಬರೆದಂತೆ ಬರಿಯ ಗುಚ್ಛಗಳಾಗಿ, ಒಂದೊಂದನ್ನೂ ಮೌನವಾಗಿ ಹಿಡಿದು, ಧ್ವನಿಗಳು ಎಲ್ಲಿಂದ ಎಲ್ಲಿಗೆ ಸಾಗುತ್ತವೆ ಎಂದು ಗುರುತಿಸಿಕೊಳ್ಳಿ. ಆಮೇಲೆ ಬ್ರಾಮ್ಸ್, ಆಮೇಲೆ ಬುಸೋನಿ.

ಮಂದ್ರಶ್ರುತಿ

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ. ನೀವು ಹೇಳಿದ ಕ್ರಮದಲ್ಲಿಯೇ 89ರಿಂದ ಆರಂಭಿಸಿದೆ. ಮೊದಲ ವಾರ ಗುಚ್ಛಗಳನ್ನಷ್ಟೇ ಹಿಡಿದೆ. ಎರಡನೆಯ ವಾರ ಎಡಗೈಯಲ್ಲಿ ಬಿಡಿಸಿದೆ. ಈ ವಾರ ಬುಸೋನಿಯ ಪುಟಕ್ಕೆ ಬಂದಾಗ ಎರಡು ಕೈಗಳು ಪರಸ್ಪರ ದಾರಿ ಬಿಟ್ಟುಕೊಡುತ್ತಿದ್ದವು, ಮೊದಲಿನ ಹಾಗೆ ಒಟ್ಟಿಗೆ ಬಂದು ಬೀಳುತ್ತಿರಲಿಲ್ಲ.

ಆರಂಭದ ಗುಚ್ಛಗಳ ವಿಷಯದಲ್ಲಿ ಗುರುಗಳ ಬಳಿ ಒಂದು ಅನುಮತಿ ಕೇಳಿದೆ. ಬುಸೋನಿ ಒಮ್ಮೆಗೇ ಹಿಡಿಯಬಹುದಾದಂತೆ ಬರೆದ ಕಡೆಯೂ ನಾನು ಕೆಳಗಿನ ಸ್ವರವನ್ನು ಕೂದಲೆಳೆಯಷ್ಟು ಮೊದಲು ನುಡಿಸಿ, ಉಳಿದದ್ದನ್ನು ಅದರ ಮೇಲೆ ಇಳಿಸಬಹುದೇ ಎಂದು. ಅವರು ಒಂದು ಸಲ ಹಾಗೆ, ಒಂದು ಸಲ ಹೀಗೆ ನುಡಿಸಲು ಹೇಳಿ, ಕಣ್ಣು ಮುಚ್ಚಿ ಕೇಳಿದರು. ಮೊದಲ ಎಂಟು ಬಾರುಗಳಲ್ಲಿ ಬೇಡ, ಕೊನೆಯಲ್ಲಿ ಅದೇ ರಾಗ ಮರಳಿ ಬರುವಾಗ ಮಾಡು ಎಂದರು. ಕೇಳುವವರ ಕಿವಿಗೆ ಆ ಹೊತ್ತಿಗೆ ಪಿಟೀಲು ಮರೆತುಹೋಗಿರುತ್ತದೆ, ಆಗ ಅದನ್ನು ನೆನಪಿಸಿದರೆ ತಟ್ಟುತ್ತದೆ ಎಂಬುದು ಅವರು ಕೊಟ್ಟ ಕಾರಣ. ನಾಳೆಯಿಂದ ಕೊನೆಯ ಪುಟವನ್ನು ಹಾಗೆ ಸಾಧನೆ ಮಾಡುತ್ತೇನೆ.